ಕರಿಗುಂಡಿಯ ಬಾವಿಗೆ ಹಾಕಿದ ಸುಣ್ಣ

ಜೂನ್ ೧೪, ೨೦೨೪, ಶುಕ್ರವಾರ

ಬರೆಯಬೇಕಂತೆ. ಎಪ್ಪತ್ತೆರಡು ವರ್ಷ ಬರೆಯದೆ ಬದುಕಿದವನು ಈಗ ಬರೆಯಬೇಕಂತೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಮಾಸ್ತರರು ಬೆರಳ ಗಂಟಿಗೆ ಹೊಡೆದರು, ನಾನು ಪಾಟಿಯನ್ನು ಅವರ ಕಾಲ ಬುಡಕ್ಕೆ ಎಸೆದು ಮನೆಗೆ ಬಂದೆ. ಆಮೇಲೆ ಪೆನ್ನು ಹಿಡಿದದ್ದು ಹಾಜರಿ ಪುಸ್ತಕಕ್ಕೆ ಸಹಿ ಹಾಕಲಿಕ್ಕೆ, ನೀರಿನ ಆಳದ ಫಾರಮ್ಮಿಗೆ ಅಂಕಿ ತುಂಬಲಿಕ್ಕೆ ಮಾತ್ರ.

ನೀರು ಪರೀಕ್ಷೆ ಮಾಡುವ ಆಫೀಸಿನ ಹುಡುಗಿ, ಹೊನ್ನಾವರದ ಕಡೆಯವಳು, ದಿವ್ಯಶ್ರೀ ಎಂದು ಹೆಸರು. ಇವತ್ತು ಈ ಪುಸ್ತಕ ತಂದು ಕೈಯಲ್ಲಿಟ್ಟಳು.

"ಹಮ್ಮಣ್ಣ, ಫಾರಮ್ಮಿನಲ್ಲಿ ಅಂಕಿ ಮಾತ್ರ ಹಿಡಿಸ್ತದೆ. ನೀವು ನೋಡಿದ್ದು, ಮಾಡಿದ್ದು ಇದ್ರಲ್ಲಿ ಬರೀರಿ. ನಾನು ಓದೂದಿಲ್ಲ. ನಿಮ್ಮ ನೆನಪಿಗೆ ಅಷ್ಟೇ."

"ಯಾರೂ ಓದೂದಿಲ್ಲ ಅಂದ್ರೆ ಬರೆಯೂದು ಎಂತಕ್ಕೆ?"

ನಕ್ಕಳು. ದೊಡ್ಡವರು ಕೇಳಿದ್ದಕ್ಕೆ ಉತ್ತರ ಕೊಡದೆ ನಗುವುದು ಈಗಿನವರ ಓದು.

ಆಯಿತು, ಬರೆಯುತ್ತೇನೆ. ಕರಿಗುಂಡಿ ಎಂದರೆ ನಮ್ಮ ಕುಮಟೆ ಸೀಮೆಯ ಗುಡ್ಡದ ಮೇಲಿನ ಮ್ಯಾಂಗನೀಸ್ ಗಣಿ. ಹತ್ತೊಂಬತ್ತು ವರ್ಷ ಅಗೆದರು. ಈಗ ಗುಂಡಿಗೆ ಮಣ್ಣು ತುಂಬಿ ಅಕೇಶಿಯಾ ನೆಟ್ಟಿದ್ದಾರೆ. ಬೋರ್ಡು ಹಾಕಿದ್ದಾರೆ. ಮುಚ್ಚಿದ ಮೇಲೆ ಐದು ವರ್ಷ ನೀರು ನೋಡಬೇಕೆಂದು ಸರಕಾರದ ಷರತ್ತು. ಗಣಿಯ ಮೇಲಿನ ಬದಿಗೆ ನೆಲದೊಳಗೆ ಇಳಿಸಿದ ಒಂದು ಪೈಪು, ಕೆಳಗಿನ ಬದಿಗೆ ಒಂದು ಬಾವಿ. ಶನಿವಾರ ಶನಿವಾರ ಎರಡರ ಆಳ ಅಳೆಯುವುದು ನನ್ನ ಕೆಲಸ. ಮೂರು ತಿಂಗಳಿಗೊಮ್ಮೆ ಆ ಹುಡುಗಿ ಎರಡರ ನೀರನ್ನೂ ಬಾಟಲಿಗೆ ತುಂಬಿಕೊಂಡು ಹೋಗುತ್ತಾಳೆ.

ಇಷ್ಟಕ್ಕೇ ಕೈ ನೋಯುತ್ತಿದೆ.

ಜೂನ್ ೨೨, ಶನಿವಾರ

ಪೈಪು ಹನ್ನೊಂದು ಮೀಟರ್ ನಲವತ್ತು. ಬಾವಿ ಆರು ಮೀಟರ್ ಹತ್ತು.

ಟೇಪಿನ ತುದಿಗೆ ಹಿತ್ತಾಳೆಯ ಗುಂಡು ಇದೆ. ನೀರಿಗೆ ತಾಗಿದರೆ ಟುಬಕ್ ಎನ್ನುತ್ತದೆ. ಅದನ್ನು ಕೇಳಲಿಕ್ಕೆ ಕಿವಿ ಬೇಕು. ಕಂಪನಿಯ ಸೂಪರ್‌ವೈಸರ್ ಸುಧಾಕರನಿಗೆ ಒಮ್ಮೆ ಕೊಟ್ಟಿದ್ದೆ, ಅವನು ಅರ್ಧ ಟೇಪು ನೀರೊಳಗೆ ಬಿಟ್ಟ ಮೇಲೂ "ಇನ್ನೂ ಸಿಗಲಿಲ್ಲ" ಎನ್ನುತ್ತಿದ್ದ.

ಈ ಬಾವಿ ನಾನೇ ತೋಡಿದ್ದು. ಗಣಿಯ ಆಳುಗಳಿಗೆ ಕುಡಿಯಲು. ನಾನು ಮತ್ತು ತಂಗಿ ತಿಮ್ಮಿಯ ಗಂಡ ಗಣಪ, ಇಬ್ಬರೇ. ಹದಿನೆಂಟು ಮೊಳಕ್ಕೆ ನೀರು ಬಂತು. ಗಣಪ ಮೊದಲ ಬೊಗಸೆ ಕುಡಿದು, "ಭಾವ, ಎಳನೀರು!" ಎಂದ. ಅವನು ಹೋಗಿ ಎಂಟು ವರ್ಷವಾಯಿತು.

ಸೋಮವಾರ ಬಾಟಲಿಯವಳು ಬರುತ್ತಾಳೆ. ಹಾಗಾಗಿ ಇವತ್ತೇ ಬಾವಿ ಶುದ್ಧ ಮಾಡಿದೆ. ಮೇಲೆ ಕಟ್ಟಿದ ಕೆಂಪು ಕೆನೆ ತೆಗೆದೆ, ಕಟ್ಟೆ ತಿಕ್ಕಿದೆ, ಒಂದು ಬುಟ್ಟಿ ಚಿಪ್ಪಿ ಸುಣ್ಣ ಕದಡಿ ಹೊಯ್ದೆ. ನನ್ನ ಹೆಂಡತಿ ಮಾದಿಯ ತವರು ಅಘನಾಶಿನಿಯ ದಂಡೆ, ಅಲ್ಲಿ ಸುಟ್ಟ ಸುಣ್ಣ ಬೆಣ್ಣೆಯಂತೆ ಇರುತ್ತದೆ. ಎರಡು ದಿನಕ್ಕೆ ಎಲ್ಲ ತಳಕ್ಕೆ ಇಳಿದು, ಕೆಳಗಿನ ಕಲ್ಲು ಎಣಿಸಬಹುದು. ನೀರಿಗೆಂದು ಬಂದವರ ಎದುರು ಕೆಂಪು ನೀರು ಸೇದಿ ಇಟ್ಟರೆ ತೋಡಿದವನ ಮಾನ ಉಳಿಯುತ್ತದೆಯೇ? ಶುರುವಿನಿಂದ ಒಂದು ಸಲವೂ ತಪ್ಪಿಸಿಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ.

ಜೂನ್ ೨೪, ಸೋಮವಾರ

ಬಂದಳು. ಪೆನ್ನಿನಂಥ ಯಂತ್ರವನ್ನು ನೀರಿಗೆ ಅದ್ದಿದಳು. ಏಳಕ್ಕಿಂತ ಕೆಳಗೆ ಹೋದಷ್ಟೂ ನೀರು ಹುಳಿ ಎಂದು ಅರ್ಥವಂತೆ. ಎಂಟು ಬಂತು. "ಒಳ್ಳೇ ನೀರು ಹಮ್ಮಣ್ಣ" ಎಂದಳು. ಮಾದಿ ಮನೆಯಲ್ಲಿ ಅವಳಿಗೆ ಅದೇ ಬಾವಿಯ ನೀರು, ಬೆಲ್ಲ ಕೊಟ್ಟಳು. ಕುಡಿದಳು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅವಳನ್ನು ಕಳಿಸಿ ಹಿಂದೆ ಬರುವಾಗ ಕೆಳಗಿನ ದಾರಿಯಲ್ಲಿ ತಿಮ್ಮಿ ಕಂಡಳು. ಸೊಂಟದಲ್ಲೊಂದು, ತಲೆಯ ಮೇಲೊಂದು ಕೊಡಪಾನ. ಮನೆಯ ಹಿಂದೆ ಬಾವಿ ಇಟ್ಟುಕೊಂಡು ಹಳ್ಳದಿಂದ ನೀರು ಹೊರುತ್ತಾಳೆ. ಹಟಕ್ಕೆ. ನನ್ನನ್ನು ನೋಡಿ ಮುಖ ತಿರುಗಿಸಿದಳು. ತಿರುಗಿಸಲಿ.

ಜುಲೈ ೯

ಮಳೆ. ಬಾವಿ ಮೂರು ಮೀಟರ್ ಮೇಲೆ ಬಂದಿದೆ. ಬೇರೆ ಏನಿಲ್ಲ.

ಸೆಪ್ಟೆಂಬರ್ ೭, ಚೌತಿ

ಈ ಸಲವೂ ತಿಮ್ಮಿಯ ಮನೆಯಿಂದ ಚಕ್ಕುಲಿ ಬರಲಿಲ್ಲ. ಎರಡು ವರ್ಷವಾಯಿತು. ಮಾದಿ ಅಡಿಗೆಮನೆಯಿಂದಲೇ, "ನೀವೇ ಹೋಗಿ ಬನ್ನಿ, ಸಣ್ಣವ್ರು ಆಗೂದಿಲ್ಲ" ಎಂದಳು. ನಾನು ಯಾಕೆ ಹೋಗಬೇಕು?

ಆದದ್ದು ಇಷ್ಟು. ಎರಡು ವರ್ಷದ ಹಿಂದೆ ಗ್ರಾಮಸಭೆಯಲ್ಲಿ ತಿಮ್ಮಿ ಎದ್ದು ನಿಂತು, "ಗಣಿ ಮುಚ್ಚಿದ ಮೇಲೆ ನನ್ನ ಬಾವಿ ನೀರು ಒಗರು, ಕೊಡಪಾನದ ಒಳಗೆ ಕಪ್ಪು ಹಿಡೀತದೆ, ನಮ್ಮ ಕೇರಿಗೆ ನಳ ಕೊಡಿ" ಎಂದಳು. ಅಧ್ಯಕ್ಷರು ನನ್ನ ಕಡೆ ನೋಡಿದರು. ಮೇಲಿನ ನೀರು ಅಳೆಯುವವನು ನಾನಲ್ಲವೇ? ಕಿಸೆಯಲ್ಲಿ ರಿಪೋರ್ಟಿನ ಕಾಗದ ಇತ್ತು. ಎದ್ದು ಓದಿದೆ. ನೀರು ಉತ್ತಮ ಎಂದಿತ್ತು. ಅಷ್ಟಕ್ಕೇ ಕೂತಿದ್ದರೆ ಆಗುತ್ತಿತ್ತು. "ನೀರಿನ ದೋಷ ಅಲ್ಲ ಇದು. ತಿಮ್ಮಿ, ನೀ ಮೊದ್ಲು ಕೊಡಪಾನ ತಿಕ್ಕೂದು ಕಲಿ" ಎಂದುಬಿಟ್ಟೆ. ಇಡೀ ಸಭೆ ನಕ್ಕಿತು. ನಳ ಆಚೆ ಕೇರಿಗೆ ಹೋಯಿತು.

ಮಾತು ಸ್ವಲ್ಪ ಖಾರವಾಯಿತು, ಒಪ್ಪುತ್ತೇನೆ. ಆದರೆ ಕಾಗದದಲ್ಲಿ ಇದ್ದದ್ದನ್ನೇ ಓದಿದ್ದು.

ಸೆಪ್ಟೆಂಬರ್ ೨೪, ಮಂಗಳವಾರ

ನಾಲ್ಕು ದಿನದಿಂದ ಜ್ವರ. ಬಾವಿ ತೊಳೆಯಲಿಲ್ಲ, ಸುಣ್ಣವನ್ನೂ ಹಾಕಲಿಲ್ಲ. ಇವತ್ತೇ ಅವಳು ಬಂದಳು. ಕಂಬಳಿ ಹೊದ್ದುಕೊಂಡೇ ಮೇಲೆ ಹೋದೆ.

ಪೆನ್ನು ಐದೂವರೆ ತೋರಿಸಿತು. ಒರೆಸಿ ಮತ್ತೆ ಅದ್ದಿದಳು. ಐದೂವರೆ. ತನ್ನ ಕುಡಿಯುವ ಬಾಟಲಿಗೆ ಅದ್ದಿ ನೋಡಿದಳು, ಅದು ಸರಿ ಇತ್ತು.

"ಏನಾಯ್ತು ಹಮ್ಮಣ್ಣ ನಿಮ್ಮ ಬಾವಿಗೆ?"

ಅಂಗಳ ಗುಡಿಸದ ದಿನವೇ ನೆಂಟರು ಬಂದ ಹಾಗೆ ಆಯಿತು ನನಗೆ. ಸೋಮಾರಿತನ ಯಾರ ಎದುರು ಹೇಳಿಕೊಳ್ಳುವುದು? "ಮಳೆ ನೀರು ಸೇರಿದ್ದು ಇರ್ಬೇಕು" ಎಂದೆ.

ಬಾಟಲಿ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು.

ಅಕ್ಟೋಬರ್ ೧೫, ಮಂಗಳವಾರ

ರಿಪೋರ್ಟು ಕೆಟ್ಟದಾಗಿ ಬಂದಿತ್ತಂತೆ. ಮ್ಯಾಂಗನೀಸ್ ಇರಬೇಕಾದ್ದಕ್ಕಿಂತ ಆರು ಪಟ್ಟು. ಮತ್ತೆ ತುಂಬಿಕೊಳ್ಳಲು ಬರುತ್ತೇವೆ ಎಂದು ಮೂರು ದಿನ ಮೊದಲೇ ಫೋನು ಮಾಡಿದ್ದರು. ನಾನು ಈ ಸಲ ಎರಡು ಬುಟ್ಟಿ ಸುಣ್ಣ ಹಾಕಿದ್ದೆ.

ಎಂಟೂವರೆ ಬಂತು.

ಜೊತೆಗೆ ಬಂದಿದ್ದ ಸುಧಾಕರ, "ನೋಡಿ ಮೇಡಂ, ಹೋದ ಸಲ ಬಾಟ್ಲಿ ಸರಿ ತೊಳೆದಿಲ್ಲ. ಹಾಗೇ ಬರೆದುಬಿಡಿ, ಇಷ್ಟು ವರ್ಷದಲ್ಲಿ ಇದೊಂದು" ಎಂದ. ಅವಳಿಗೆ ಮನಸ್ಸಿರಲಿಲ್ಲ. ಕೊನೆಗೆ ಹಳೆಯ ಅಂಕಿ ಹೊಡೆದು ಹಾಕಿ ಹಾಗೇ ಬರೆದಳು.

ಬಾವಿಯ ಮರ್ಯಾದೆ ಉಳಿಯಿತು.

ಡಿಸೆಂಬರ್ ೧೯, ಗುರುವಾರ

ಬಾಟಲಿ ತುಂಬಿಯಾಯಿತು. ಸುಣ್ಣ ಮಂಗಳವಾರವೇ ಹಾಕಿದ್ದೆ. ಎಂಟು ಬಂತು.

ಸುಧಾಕರ ಹೇಳಿದ: "ಅಜ್ಜ, ಇನ್ನು ಮಾರ್ಚಿಂದು ಒಂದೇ. ಅದು ಸರಿ ಬಂತು ಅಂದ್ರೆ ಐದು ವರ್ಷ ಮುಗೀತು. ಗಣಿ ಮುಚ್ಚಿದ ಕಾಗದ ಸಿಗ್ತದೆ. ಬಾವಿಗೆ ಕಾಂಕ್ರೀಟ್ ಹಲಗೆ, ಗೇಟಿಗೆ ಬೀಗ. ಆಮೇಲೆ ಇಲ್ಲಿ ನೀರು ನೋಡೂರು ಯಾರೂ ಇಲ್ಲ. ನೀವೂ ಆರಾಮ, ನಾವೂ ಆರಾಮ."

ಬಾವಿಗೆ ಹಲಗೆ ಎಂದದ್ದು ಮಾತ್ರ ಸರಿ ಬರಲಿಲ್ಲ.

ಜನವರಿ ೧೧, ೨೦೨೫, ಶನಿವಾರ

ಬಾವಿ ಐದು ಮೀಟರ್ ಇಪ್ಪತ್ತು. ಟೇಪು ಸುತ್ತುತ್ತಿದ್ದಾಗ ಕೆಳಗಿನಿಂದ ಕೊಡಪಾನ ಉರುಳಿದ ಸದ್ದು ಬಂತು. ಎಷ್ಟು ಹೊತ್ತು ಉರುಳಿತು ಅದು.

ತಿಮ್ಮಿ ಹಳ್ಳದ ದಾರಿಯ ಜಾರುಕಲ್ಲಿನ ಮೇಲೆ ಬಿದ್ದಿದ್ದಳು. ಬಲಗೈ ಮಣಿಕಟ್ಟು ತಿರುಚಿಹೋಗಿತ್ತು. ಅವಳ ಸೊಸೆ ಸರೋಜಾ ಓಡಿ ಬಂದಳು. ಇಬ್ಬರೂ ಸೇರಿ ಎತ್ತಿದೆವು. ರಿಕ್ಷಾ ಬರುವವರೆಗೆ ಅವಳ ತಲೆ ನನ್ನ ತೊಡೆಯ ಮೇಲೆ ಇತ್ತು. ನೋವಿಗೆ ಹಲ್ಲು ಕಚ್ಚಿ ಹಿಡಿದಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನನಗೆ ಗೊತ್ತಿರಲಿಲ್ಲ.

ಜನವರಿ ೧೩, ಸೋಮವಾರ

ತಿಮ್ಮಿಯ ಮನೆಗೆ ಹೋಗಿದ್ದೆ. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಒಂದು ಬುಟ್ಟಿ ಸುಣ್ಣ ಹೊತ್ತುಕೊಂಡು ಹೋದೆ. ಅವಳು ಜಗುಲಿಯಲ್ಲಿ ಕೈಗೆ ಪ್ಲಾಸ್ಟರು ಹಾಕಿಕೊಂಡು ಕೂತಿದ್ದಳು.

"ಸರೋಜಾ, ಯಾರು ಬಂದದ್ದು ನೋಡೆ. ಕಂಪನಿಯವ್ರಾ?"

"ನಿನ್ನ ಅಣ್ಣ ಬಂದದ್ದು" ಎಂದೆ.

"ಅಣ್ಣ ಅಂದೇಳಿ ಒಬ್ಬ ಇದ್ದ. ಊರ ಎದುರು ನನ್ನ ಕೊಡಪಾನ ತಿಕ್ಸಿ ಹೋದ. ಮತ್ತೆ ಬರ್ಲಿಲ್ಲ."

ನಾನು ಬುಟ್ಟಿ ಇಳಿಸಿದೆ. "ಬೈಯೂದಾದ್ರೆ ಆಮೇಲೆ ಬೈ. ಸುಣ್ಣ ತಂದಿದ್ದೆ, ನಿನ್ನ ಬಾವಿಗೆ ಹಾಕ್ತೆ. ಎರಡು ದಿನಕ್ಕೆ ನೀರು ತಿಳಿ ಆಗ್ತದೆ. ಹಳ್ಳಕ್ಕೆ ಹೋಗೂದು ಬೇಡ. ಮೇಲಿನ ಬಾವಿಗೂ ಇದನ್ನೇ ಹಾಕೂದು."

"ಯಾವ ಮೇಲಿನ ಬಾವಿ?"

"ಕರಿಗುಂಡಿದು. ಮೇಡಂ ಬಾಟ್ಲಿ ತುಂಬುಕೆ ಬರೂ ಮೊದ್ಲು."

ತಿಮ್ಮಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಮೊದ್ಲು ಅಂದ್ರೆ?"

"ಎರಡು ದಿನ ಮೊದ್ಲು."

"ಪ್ರತಿ ಸಲ?"

"ಪ್ರತಿ ಸಲ. ನಿನ್ನಂಗೆ ಕೊಳಕು ಇಟ್ಕಂಡು ಕೂರ್ಲಾ?"

ಅವಳು ಅದಕ್ಕೆ ಜಗಳ ಆಡಲಿಲ್ಲ. ಸಣ್ಣ ಮಗುವಿಗೆ ಹೇಳುವಂತೆ ನಿಧಾನಕ್ಕೆ ಕೇಳಿದಳು: "ಅಣ್ಣ, ಮೈ ಸುಡೂ ಕೂಸಿಗೆ ಮಾತ್ರೆ ನುಂಗ್ಸಿ, ಬೆವತ ಮೇಲೆ ಡಾಕ್ಟ್ರ ಹತ್ರ ಹೊತ್ಕಂಡು ಹೋದ್ರೆ ಅವ್ರು ಎಂತ ಬರೀತ್ರು?"

"ಜ್ವರ ಇಲ್ಲ ಅಂತ ಬರೀತ್ರು."

"ಆ ಕಾಗದ ಕಿಸೆಲಿಟ್ಕಂಡೇ ನೀ ಸಭೆಲಿ ಎದ್ದು ನಿಂತದ್ದು."

ಸರೋಜಾ ಚಾ ತಂದಿಟ್ಟಳು. ಕುಡಿದೆನೋ ಬಿಟ್ಟೆನೋ. ಸುಣ್ಣದ ಬುಟ್ಟಿ ಮತ್ತೆ ಹೊತ್ತುಕೊಂಡು ಬಂದೆ.

ಜನವರಿ ೧೪

ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳಿಗೆ ಏನು ಗೊತ್ತು?

ಜನವರಿ ೨೦, ಸೋಮವಾರ

ಈ ಪುಸ್ತಕದ ಹಿಂದಿನ ಹಾಳೆ ತೆಗೆದು ನೋಡಿದೆ. ಜೂನ್, ಸುಣ್ಣ, ಎಂಟು. ಸೆಪ್ಟೆಂಬರ್, ಸುಣ್ಣ ಇಲ್ಲ, ಐದೂವರೆ. ಅಕ್ಟೋಬರ್, ಎರಡು ಬುಟ್ಟಿ, ಎಂಟೂವರೆ. ಎಲ್ಲ ನನ್ನ ಕೈಯಲ್ಲೇ ಬರೆದದ್ದು. ಯಾರೂ ಓದುವುದಿಲ್ಲ ಎಂದಿದ್ದಳು. ನಾನಾದರೂ ಓದಬೇಕಿತ್ತು.

ಫಾರಮ್ಮಿನಲ್ಲಿ 'ಇತರೆ' ಎಂದು ಒಂದು ಮನೆ ಇತ್ತು. ಪ್ರತಿ ಸಲ ಅಲ್ಲಿ ಒಂದು ಗೆರೆ ಎಳೆದೆ. ಅಂಗಳ ಗುಡಿಸಿದ್ದನ್ನು ಯಾರಾದರೂ ಬರೆಯುತ್ತಾರೆಯೇ ಎಂದುಕೊಂಡಿದ್ದೆ.

ಬೆಳಿಗ್ಗೆ ಹಳ್ಳದಿಂದ ಎರಡು ಕೊಡಪಾನ ತಿಮ್ಮಿಯ ಜಗುಲಿಗೆ ಇಟ್ಟು ಬಂದೆ. ಗುಡ್ಡಕ್ಕೆ ಹೇಗೂ ಅದೇ ದಾರಿ.

ಫೆಬ್ರವರಿ ೮, ಶನಿವಾರ

ಮೇಲಿನ ಬಾವಿ ಆರು ಮೀಟರ್. ತಿಮ್ಮಿಯ ಬಾವಿಯನ್ನೂ ಅಳೆಯುತ್ತಿದ್ದೇನೆ, ನಾಲ್ಕು ವಾರದಿಂದ. ಮೇಲಿನದು ಒಂದು ಗೇಣು ಇಳಿದ ವಾರ ಇವಳದ್ದೂ ಗೇಣು ಇಳಿಯುತ್ತದೆ. ನಾಲ್ಕು ಬೆರಳು ಇಳಿದರೆ ಇವಳದ್ದೂ ನಾಲ್ಕು ಬೆರಳು. ಒಂದೇ ನೀರು. ಗುಡ್ಡದ ಒಳಗೇ ನಡೆದು ಬರುತ್ತಿದೆ.

ಇನ್ನೊಂದು ಕೆಲಸ ಮಾಡಿದೆ. ಅವಳ ಹಿತ್ತಾಳೆ ಕೊಡಪಾನವನ್ನು ನಾನೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಒಳಗೆ ಬಂಗಾರದಂತೆ ಆಯಿತು. ಅವಳ ಬಾವಿಯ ನೀರನ್ನೇ ತುಂಬಿ ಮುಚ್ಚಿಟ್ಟೆ. ಎಂಟು ದಿನ ಬಿಟ್ಟು ಇವತ್ತು ಚೆಲ್ಲಿ ಕೈಯಾಡಿಸಿದೆ. ಬೆರಳಿಗೆ ಕಾಡಿಗೆಯಂತೆ ಬಂತು.

ತಿಮ್ಮಿ ಜಗುಲಿಯಿಂದ, "ಸರಿ ತಿಕ್ಕೂದು ಕಲಿ ಅಣ್ಣ" ಎಂದಳು. ಸರೋಜಾ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು.

ನಾನು ಬೂದಿ ತೆಗೆದುಕೊಂಡು ಮತ್ತೆ ತಿಕ್ಕಲು ಕೂತೆ.

ಫೆಬ್ರವರಿ ೧೭

ಹೇಳದೆ ಇದ್ದರೂ ಆಗುತ್ತದೆ. ಮಾರ್ಚಿನಲ್ಲಿ ಸುಣ್ಣ ಹಾಕದೆ ಬಿಟ್ಟರೆ ಸಾಕು, ನೀರೇ ಹೇಳುತ್ತದೆ ಎಂದುಕೊಂಡೆ. ಆದರೆ ಹೇಳುತ್ತದೆಯೇ? ಸೆಪ್ಟೆಂಬರಿನಲ್ಲಿಯೂ ಹೇಳಿತ್ತು. ಬಾಟಲಿ ತೊಳೆದಿಲ್ಲ ಎಂದು ಬರೆದು ಮುಗಿಸಿದರು.

ಮಾರ್ಚ್ ೨, ಭಾನುವಾರ

ಮಾದಿ ಕೇಳಿದಳು: "ನಾಡಿದ್ದು ಮೇಡಂ ಬರೂದಲ್ಲ, ಸುಣ್ಣ ಕದಡೂದಿಲ್ವಾ?"

"ಬೇಡ."

"ಬಂದವ್ರು ಎಂತ ಹೇಳ್ತ್ರು, ನೀರು ಹಿಂಗಿದ್ರೆ?"

"ಹೇಳ್ಲಿ. ಹೇಳುಕೇ ಬರೂದು ಅವ್ರು."

ಮಾದಿ ನನ್ನ ಹಣೆ ಮುಟ್ಟಿ ನೋಡಿದಳು.

ಮಾರ್ಚ್ ೪, ಮಂಗಳವಾರ

ಐದು. ಸೆಪ್ಟೆಂಬರಿಗಿಂತ ಕಡಿಮೆ.

ದಿವ್ಯಶ್ರೀ ಮೇಡಂ ಪೆನ್ನು ಒರೆಸಲು ಹೋದರು. "ಒರೆಸೂದು ಬೇಡ, ಅದು ಸರಿ ಇದೆ" ಎಂದೆ. ಎಲ್ಲ ಹೇಳಿದೆ. ಬಾವಿಯ ಕಟ್ಟೆಯ ಮೇಲೆ ಕೂತು ಕೇಳಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಹತ್ತೊಂಬತ್ತು ರಿಪೋರ್ಟು ಹಮ್ಮಣ್ಣ. ಕೊನೇ ಎಂಟಕ್ಕೆ ನನ್ನದೇ ಸಹಿ."

"ನಿಮ್ದು ತಪ್ಪಿಲ್ಲ ಮೇಡಂ. ನಾನು..."

"ನಂದೂ ಇದೆ. ಗಣಿಗೆ ತಾಗದ ಪೈಪಿನ ನೀರೇ ಆರೂವರೆ, ಗಣಿ ದಾಟಿ ಬಂದ ಬಾವಿದು ಎಂಟು, ಯಾಕೆ ಹೀಗೆ ಅಂತ ಒಮ್ಮೆನೂ ಕೇಳ್ಲಿಲ್ಲ ನಾನು. ಬೆಲ್ಲ ತಿಂದು ಹೋದೆ."

ಈ ಪುಸ್ತಕ ಕೈಗೆ ಕೊಟ್ಟೆ. ಜೂನ್ ಇಪ್ಪತ್ತೆರಡರ ಹಾಳೆ ಓದಿದರು. ಓದಿ ಮುಚ್ಚಿ ಹಿಂದೆ ಕೊಟ್ಟರು. ಬೇರೆ ಹಾಳೆ ನೋಡಲಿಲ್ಲ.

"ನಾನು ಆಫೀಸಿಗೆ ಹೇಳ್ತೇನೆ. ಆದ್ರೆ ನನ್ನ ಮಾತು ಅಲ್ಲೇ ಕೂತ್ಕೊಳ್ತದೆ. ಸುಣ್ಣ ಹಾಕಿದವ್ರೇ ಬರೆದು ಕೊಟ್ರೆ ಫೈಲಿಗೆ ಸೇರಿಸ್ಲೇ ಬೇಕು. ಬರೀತೀರಾ?"

ಮತ್ತೆ ಬರೆಯುವುದು.

"ಬರೀತೆ" ಎಂದೆ.

ಮಾರ್ಚ್ ೬, ಗುರುವಾರ

ಸುಧಾಕರ ಬಂದಿದ್ದ. ಬೈಕು ಅಂಗಳದೊಳಗೇ ತಂದ.

"ಎಂತಕ್ಕೆ ಅಜ್ಜ ಈ ಉಸಾಬರಿ? ಬರೆದ್ರೆ ಕಲಬೆರಕೆ ಮಾಡಿದವ್ರು ನೀವೇ ಅಂತ ಆಗ್ತದೆ. ಐದು ವರ್ಷ ಎಲ್ಲರಿಗೂ ಸುಳ್ಳು ನೀರು ತೋರ್ಸಿದ್ದು ನೀವು. ಕಂಪನಿ ನಿಮ್ಗೆ ಹಾಕಿ ಅಂತ ಹೇಳಿತ್ತಾ?"

"ಇಲ್ಲ."

"ಮತ್ತೆ? ಈ ವಯಸ್ಸಲ್ಲಿ ಕೋರ್ಟು ಕಟ್ಟೆ ಹತ್ತೂದಾ?"

"ನಾ ಹಾಕಿದ್ದು ಹೌದಲ್ಲ ಮಾರಾಯ. ಹಾಕಿದವ ಹತ್ತೂದು."

ಅವನಿಗೆ ಕುಡಿಯಲು ಕರಿಗುಂಡಿಯ ನೀರು ತಂದಿಟ್ಟೆ, ಸುಣ್ಣ ಹಾಕದ್ದು. ಬೆಲ್ಲ ಮಾತ್ರ ತಿಂದು ಹೋದ.

ಮಾರ್ಚ್ ೮, ಶನಿವಾರ

ಮೇಲಿನದು ಆರು ಮೀಟರ್ ಎಪ್ಪತ್ತು. ತಿಮ್ಮಿಯದ್ದೂ ಅಷ್ಟೇ ಇಳಿದಿದೆ.

ಬರೆದ ಅರ್ಜಿಯನ್ನು ಅವಳಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ, "ನೀ ಒಂದು ಬಿಟ್ಟಿದ್ದೆ" ಎಂದಳು.

"ಎಂತದು?"

"ಕೊಡಪಾನದ್ದು."

"ಅದು ಸರಕಾರಕ್ಕೆ ಎಂತಕ್ಕೆ?"

"ಸರಕಾರಕ್ಕಲ್ಲ. ಊರ ಎದುರು ಹೇಳಿದ್ದು ಊರ ಎದುರೇ ಓದ್ಲಿ."

ಪ್ಲಾಸ್ಟರು ಬಿಚ್ಚಿದ್ದಾರೆ. ಬೆರಳು ಪೂರ್ತಿ ಮಡಚಲು ಬರುವುದಿಲ್ಲ, ಇನ್ನು ಬರುವುದೂ ಇಲ್ಲವಂತೆ. ಆ ಕೈಯಲ್ಲಿ ಚಕ್ಕುಲಿ ಒತ್ತಲಾಗದು.

ಮಾರ್ಚ್ ೯, ಭಾನುವಾರ

ಶುದ್ಧ ಪ್ರತಿ ಮಾಡುವ ಮೊದಲು ಇಲ್ಲಿ ಬರೆದಿಡುತ್ತೇನೆ. ಕೆಟ್ಟರೆ ಇದರಿಂದ ಮತ್ತೆ ನಕಲು ತೆಗೆಯಬಹುದು. ಒಂದು ಪ್ರತಿ ಕಂಪನಿಗೆ, ಒಂದು ಗಣಿ ಮುಚ್ಚಿದ ಕಾಗದ ಕೊಡುವ ಸಾಹೇಬರಿಗೆ, ಒಂದು ಪಂಚಾಯತಿಯ ಗೋಡೆಗೆ.

ನಾನು ಹಮ್ಮ. ಕರಿಗುಂಡಿಯ ನೀರು ಅಳೆಯುವವನು. ಐದು ವರ್ಷ ಪ್ರತಿ ಪರೀಕ್ಷೆಗೆ ಎರಡು ದಿನ ಮೊದಲು ಬಾವಿಗೆ ಸುಣ್ಣ ಹಾಕಿದ್ದೇನೆ. ಯಾರೂ ಹೇಳಿದ್ದಲ್ಲ. ಹಾಕದೆ ಇದ್ದದ್ದು ಎರಡೇ ಸಲ, ಹೋದ ಸೆಪ್ಟೆಂಬರ್ ಮತ್ತು ಈ ಮಾರ್ಚ್. ಆ ಎರಡು ಮಾತ್ರ ನಿಜವಾದ ನೀರು. ಉಳಿದ ಕಾಗದ ಎಲ್ಲ ನನ್ನ ಸುಣ್ಣದ ಪರೀಕ್ಷೆ. ಅದನ್ನು ನಂಬಿ ಗಣಿ ಮುಚ್ಚಿದ ಕಾಗದ ಕೊಡಬಾರದು.

ನನ್ನ ತಂಗಿ ತಿಮ್ಮಿ ತನ್ನ ಬಾವಿಯ ಬಗ್ಗೆ ಗ್ರಾಮಸಭೆಯಲ್ಲಿ ಹೇಳಿದ್ದು ನಿಜ. ಅವಳ ಕೊಡಪಾನ ಕೊಳಕು ಎಂದು ನಾನು ಅದೇ ಸಭೆಯಲ್ಲಿ ಹೇಳಿದ್ದು ಸುಳ್ಳು. ಆ ಸುಳ್ಳಿನಿಂದ ಕೆಳಗಿನ ಕೇರಿಗೆ ನಳ ಬರಲಿಲ್ಲ. ಅವಳ ಕೈ ಹೋಯಿತು.

ಶಿಕ್ಷೆ ಏನಿದ್ದರೂ ನನಗೆ ಕೊಡಿ, ಯಾಕೆಂದು ಕೇಳುವುದಿಲ್ಲ. ಕೇಳುವುದು ಎರಡೇ. ಕೆಳಗಿನ ಕೇರಿಯ ಬಾವಿಗಳ ನೀರನ್ನು ಮೊದಲೇ ತಿಳಿಸದೆ ಬಂದು ಪರೀಕ್ಷೆ ಮಾಡುವವರು ಯಾರು, ಯಾವತ್ತು? ಅಲ್ಲಿಯವರೆಗೆ ಅವರಿಗೆ ಕುಡಿಯುವ ನೀರು ಕೊಡುವವರು ಯಾರು?

ಇದೇ ಮಾರ್ಚ್ ೩೧ನೇ ತಾರೀಕಿನ ಒಳಗೆ ಉತ್ತರ ಬೇಕು. ಫೋನಿನಲ್ಲಿ ಅಲ್ಲ. ಬರೆದು ಕೊಡಿ.